ಕಂದು ಹಲ್ಲೂ ರಾಗಿಯ ಮುದ್ದೆಯೂ

"ನೀವು ಹಲ್ಲು ಉಜ್ಜುವುದಿಲ್ಲವೆ?" ಈ ಕಾಲೇಜಿಗೆ ಸೇರಿದ ಮೊದಲ ವಾರದಲ್ಲಿ ಮಿತ್ರರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಯಿದು. ಕುಚೋದ್ಯಕ್ಕಾಗಿ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಆಗ ಬಾಯಿ ಮುಚ್ಚಿಕೊಂಡು ನಕ್ಕೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನನ್ನೂರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನನ್ನ ಓರಗೆಯವರಲ್ಲಿ ಅನೇಕರ ಹಲ್ಲು ಕಂದು. ಬೇವಿನ ಕಡ್ಡಿಗಾಗಲಿ ಪೇಸ್ಟಿಗಾಗಲಿ ಹೋಗುವ ಕಲೆಯಲ್ಲ ಅದು. ಎಂಟು ವರ್ಷದೊಳಗೆ, ಹಲ್ಲಿನ ಹೊದಿಕೆ ಕಟ್ಟಿಕೊಳ್ಳುವ ಕಾಲದಲ್ಲಿ, ಕುಡಿದ ಕೊಳವೆಬಾವಿಯ ನೀರಿನಿಂದ ಬಂದದ್ದು. ನನ್ನ ಅಜ್ಜನಿಗಂತೂ ಕರೆದವರ ಕಡೆಗೆ ಕತ್ತು ತಿರುಗಿಸಲಾಗದು. ಇಡೀ ಮೈಯನ್ನೇ ತಿರುಗಿಸುತ್ತಾರೆ. ಬೆನ್ನೆಲುಬನ್ನು ಬಿಗಿದದ್ದೂ ಅದೇ ಫ್ಲೋರೈಡು. ಭಾರತದಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ 1937ರಲ್ಲಿ ಬರೆದರು, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಲೀಟರು ನೀರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಈಗ ನಮ್ಮ ದೇಶದ ನಿಯಮ.

ಆದರೆ ಒಂದು ಸಂಗತಿ ವಿಚಾರಾರ್ಹವಾಗಿದೆ. ಒಂದೇ ಬಾವಿಯ ನೀರು ಕುಡಿದವರೆಲ್ಲರೂ ಒಂದೇ ಸಮನಾಗಿ ನರಳುವುದಿಲ್ಲ. ಕಾರಣಗಳು ಹಲವು, ಅವುಗಳಲ್ಲಿ ಊಟವೂ ಒಂದು. ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಫ್ಲೋರೈಡು ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಹಾಲೋ ಸುಣ್ಣದಂಶವಿರುವ ಬೇರೆ ಆಹಾರವೋ ಇದ್ದರೆ, ಕ್ಯಾಲ್ಸಿಯಂ ಅದರೊಡನೆ ಕೂಡಿ ಕರಗದ ವಸ್ತುವಾಗುತ್ತದೆ. ಅಷ್ಟು ಭಾಗ ಮೈಗೆ ಹತ್ತದೆ ಹೊರಬೀಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮುದ್ದೆ ಉಣ್ಣುವುದು ಹಿಂದುಳಿದವರ ಲಕ್ಷಣವೆಂದು ಅಕ್ಕಿಗೆ ತಿರುಗಿದ ನಮ್ಮ ಮನೆಗಳು ಇದನ್ನು ಯೋಚಿಸಬೇಕು. ಹುಣಿಸೆಯ ಮಾತೂ ಇದೆ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಿಸೆ ಕೊಟ್ಟು ನೋಡಿದಾಗ, ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡು ಹೆಚ್ಚಿತೆಂದು 2002ರಲ್ಲಿ ಪ್ರಕಟಿಸಿದರು. ಪ್ರಯೋಗ ಸಣ್ಣದು, ಆದರೂ ನಮ್ಮ ಹುಳಿಸಾರಿಗೆ ಅದೊಂದು ಗೌರವವೇ ಸರಿ. ಇದಕ್ಕೆ ವಿರುದ್ಧವಾಗಿ ಚಹದ ಎಲೆಯಲ್ಲಿಯೇ ಫ್ಲೋರೈಡುಂಟು. ಬೆಳಿಗ್ಗೆ ಬರಿಹೊಟ್ಟೆಗೆ ಹಾಲಿಲ್ಲದ ಚಹ ಕುಡಿಯುವುದು, ನಮ್ಮ ಕಡೆಯ ನೀರಿನಲ್ಲಿ, ಎರಡು ಸಲ ತಪ್ಪು ಮಾಡಿದಂತೆ.

ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯವಾದೀತು. "ಹಾಲು ಕುಡಿಯಿರಿ, ಹಣ್ಣು ತಿನ್ನಿರಿ" ಎಂದು ಉಪದೇಶಿಸಿ ಹೋದ ಮಹನೀಯರನ್ನು ನಮ್ಮೂರು ಕಂಡಿದೆ. ಕೂಲಿಯವನ ಮನೆಯಲ್ಲಿ ಹಾಲೆಲ್ಲಿಂದ ಬರಬೇಕು? ರಾಗಿಯ ಸುಣ್ಣವೂ ಎಲ್ಲವೂ ಮೈಗೆ ಹತ್ತುವುದಿಲ್ಲ. ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದೂ ಇಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ನಮ್ಮೂರಿನ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಟ್ಟಲೆ ನಿಂತಾಗ, ಮುದ್ದೆಯೊಂದೇ ಮಕ್ಕಳನ್ನು ಕಾಯಬಲ್ಲದೆಂದು ನಾನು ಹೇಳಲಾರೆ. ಊಟ ಪೆಟ್ಟನ್ನು ತಗ್ಗಿಸೀತು. ಪೆಟ್ಟು ಬೀಳದಂತೆ ಮಾಡಬೇಕಾದದ್ದು ಒಳ್ಳೆಯ ನೀರು. ಮೊದಲು ನೀರು, ಅದರ ಜೊತೆಗೆ ಊಟ: ಇದು ನನ್ನ ಅಭಿಪ್ರಾಯ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಶಾಲಾ ಹಾಲು ಎಲ್ಲ ಮಕ್ಕಳಿಗೂ ಒಳ್ಳೆಯದೇ. ಫ್ಲೋರೈಡಿನ ತಾಲ್ಲೂಕುಗಳಲ್ಲಿ ಮಾತ್ರ ಅದು ಒಂದು ದಿನವೂ ತಪ್ಪಬಾರದು. ಇನ್ನೂ ಶಾಲೆಗೆ ಬಾರದ ಅಂಗನವಾಡಿಯ ಕೂಸುಗಳ ಮೇಲೆ ಹೆಚ್ಚಿನ ಗಮನವಿರಬೇಕು. ಹಲ್ಲಿನ ಹಣೆಬರಹ ನಿರ್ಧಾರವಾಗುವುದು ಆ ವಯಸ್ಸಿನಲ್ಲಿಯೇ.

ನಮ್ಮ ಎನ್.ಎಸ್.ಎಸ್. ಶಿಬಿರ ಪ್ರತಿವರ್ಷ ಯಾವುದಾದರೊಂದು ಹಳ್ಳಿಗೆ ಹೋಗಿ ರಸ್ತೆ ಗುಡಿಸುತ್ತದೆ. ಈ ಸಲ ನೀರು ಪರೀಕ್ಷಿಸುವ ಪೆಟ್ಟಿಗೆಯೊಂದನ್ನೂ ಒಯ್ದು, ಯಾವ ಕೊಳವೆಬಾವಿಯ ನೀರು ಕುಡಿಯಲು ತಕ್ಕುದು, ಯಾವುದು ಬಟ್ಟೆಗೆ ಮಾತ್ರ ಎಂದು ಬಣ್ಣ ಬಳಿದು ಬರೋಣ. ಅಧ್ಯಾಪಕರು ಮನಸ್ಸು ಮಾಡಿದರೆ ಇದೇನೂ ಕಷ್ಟವಲ್ಲ.

ನನ್ನ ಹಲ್ಲು ಇನ್ನು ಬೆಳ್ಳಗಾಗುವುದಿಲ್ಲ. ಅದಕ್ಕಾಗಿ ನಾನು ಅಳುತ್ತಲೂ ಇಲ್ಲ. ಮನೆಯಲ್ಲಿ ನನ್ನ ತಂಗಿಗೆ ಈಗ ನಾಲ್ಕು ವರ್ಷ. ಅವಳು ಈ ಕಾಲೇಜಿಗೆ ಬರುವ ದಿನ ಯಾರೂ ಅವಳನ್ನು ಆ ಪ್ರಶ್ನೆ ಕೇಳದಿರಲಿ.