ಜೋಳಿಗೆಗೆ ಬೀಳದ ಚಟ



ಕಳೆದ ತಿಂಗಳು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಒಂದು ಇಂಗ್ಲಿಷ್ ಚಿತ್ರ ನೋಡಿದೆ. ಹೆಸರು ‘ಅನ್‌ಕಟ್ ಜೆಮ್ಸ್’. 2019ರಲ್ಲಿ ಸಫ್ಡಿ ಸಹೋದರರು ಮಾಡಿದ್ದು. ಎರಡೂಕಾಲು ಗಂಟೆ ಬರೀ ಕೂಗಾಟ, ಓಡಾಟ, ಫೋನು, ಬಾಗಿಲು ಬಡಿಯುವ ಸದ್ದು. “ಅಪ್ಪಾಜಿ, ಇದನ್ನ ನೋಡಿದ್ರೆ ಬಿ.ಪಿ. ಬರುತ್ತೆ” ಎಂದು ಮಗ ಅರ್ಧಕ್ಕೇ ಎದ್ದು ಹೋದ. ನಾನು ಕೊನೆಯವರೆಗೂ ಕುಳಿತೆ. ಆ ಕಥೆಯ ಮನುಷ್ಯನನ್ನು ನಾನು ನಮ್ಮ ಶಾಂತಿಗ್ರಾಮ ಹೋಬಳಿಯಲ್ಲೇ ನೋಡಿದ್ದೆ.

ಹೋವರ್ಡ್ ಎಂಬ ನ್ಯೂಯಾರ್ಕಿನ ಒಡವೆ ವ್ಯಾಪಾರಿ. ಕೈತುಂಬ ವ್ಯಾಪಾರವಿದೆ, ಹೆಂಡತಿ ಮಕ್ಕಳಿದ್ದಾರೆ. ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟುವ ಚಟ. ಒಬ್ಬ ಆಟಗಾರ ನಂಬಿ ಕೊಟ್ಟ ಉಂಗುರವನ್ನೇ ಅಡವಿಟ್ಟು ಆ ಹಣವನ್ನೂ ಬಾಜಿಗೆ ಹಾಕುತ್ತಾನೆ. ಸಾಲ ಕೊಟ್ಟವನು ಹೊರಗಿನವನಲ್ಲ, ನೆಂಟನೇ. ಹಬ್ಬದ ಊಟಕ್ಕೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತಾರೆ. ಮನೆಯವರ ಮುಂದೆ ಯಾರೂ ಬಾಯಿಬಿಡುವುದಿಲ್ಲ. ನಮ್ಮ ಮನೆಗಳ ಹಬ್ಬದ ಪಂಕ್ತಿಯೂ ಎಷ್ಟೋ ಸಲ ಹೀಗೇ ಇರುತ್ತದೆ. ಕೊನೆಗೆ ವಸೂಲಿಗೆ ಬಂದವರನ್ನು ಅಂಗಡಿಯ ಎರಡು ಬಾಗಿಲುಗಳ ನಡುವೆ ಕೂಡಿಹಾಕಿ, ಅವರ ಕಣ್ಣೆದುರೇ ದೊಡ್ಡ ಬಾಜಿ ಗೆಲ್ಲುತ್ತಾನೆ. ಖುಷಿಯಲ್ಲಿ ಬಾಗಿಲು ತೆರೆಯುತ್ತಾನೆ. ಗುಂಡು ಬೀಳುತ್ತದೆ.

ಈಗ ನಮ್ಮ ಕಡೆಯ ಕಥೆ. ನನಗೆ ದೂರದಿಂದ ಭಾವನಾಗಬೇಕಾದ ಒಬ್ಬ ರೈತರು 2023ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮನೆಗೆ ಬಂದರು. ಕೈಯಲ್ಲಿ ಬ್ಯಾಂಕಿನ ಹಾಳೆಗಳ ಕಟ್ಟು. “ಭಾವಾ, ನೀವು ಲೆಕ್ಕ ಬಲ್ಲವರು. ಇದನ್ನೊಂದು ಸ್ವಲ್ಪ ನೋಡಿ” ಎಂದರು. ಖಾತೆ ಮಗನದು. ಡಿಪ್ಲೊಮಾ ಓದಿದ ಹುಡುಗ. ದಿನವೂ ವಿಭೂತಿ ಧರಿಸಿ ಲಿಂಗಪೂಜೆ ಮಾಡುವವನು. ಮಠದ ದಾಸೋಹದಲ್ಲಿ ಬಡಿಸಲು ಮೊದಲು ನಿಲ್ಲುವವನು. ಕುಡಿತವಿಲ್ಲ, ಬೀಡಿಯಿಲ್ಲ. ನಾವೆಲ್ಲ ನಮ್ಮ ಮಕ್ಕಳಿಗೆ ಇವನನ್ನೇ ತೋರಿಸುತ್ತಿದ್ದೆವು.

ಹಾಳೆ ತಿರುವಿದೆ. ರಾತ್ರಿ ಒಂದು ಗಂಟೆಗೆ 200 ರೂಪಾಯಿ. ಹತ್ತು ನಿಮಿಷಕ್ಕೆ 500. ಒಂದೂಮುಕ್ಕಾಲಿಗೆ 2,000. ಬೆಳಗಿನ ಜಾವ 1,150 ವಾಪಸ್ಸು ಬಂದಿದೆ, ಅದು ಗೆದ್ದಿದ್ದು. ಐದು ನಿಮಿಷದಲ್ಲಿ ಅದೂ ಹೋಗಿದೆ. ಫೋನಿನಲ್ಲಿ ರಮ್ಮಿ. ಐಪಿಎಲ್ ಬಂದ ಮೇಲೆ ಅದರ ಜೊತೆಗೆ ಬೆಟ್ಟಿಂಗ್. ಹನ್ನೊಂದು ತಿಂಗಳಲ್ಲಿ 7 ಲಕ್ಷದ 60 ಸಾವಿರ ಹೊರಗೆ, 1 ಲಕ್ಷದ 90 ಸಾವಿರ ಒಳಗೆ. ಅಪ್ಪನ ಶುಂಠಿ ದುಡ್ಡು, ತಂಗಿಯ ಮದುವೆಗೆಂದು ಕಟ್ಟಿದ್ದ ಚೀಟಿ ಹಣ, ಮೇಲೆ ಕೈಸಾಲ.

“ಶುಂಠಿಯೂ ಜೂಜೇ ಅಲ್ಲವೇ ಮಾವಾ” ಎಂದು ಆ ಹುಡುಗ ಆಮೇಲೆ ನನ್ನನ್ನೇ ಕೇಳಿದ. ನಮ್ಮ ಜಿಲ್ಲೆಯಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇದೆ. ಆಲೂಗೆಡ್ಡೆಗೆ ಅಂಗಮಾರಿ ಬಂದು ಸೋತವರು ಶುಂಠಿಗೆ ಹೋದರು, ಅಲ್ಲಿ ಕೊಳೆರೋಗ, ಇಲ್ಲದಿದ್ದರೆ ಬೆಲೆ ಕುಸಿತ. ಆದರೂ ಆ ಮಾತನ್ನು ನಾನು ಒಪ್ಪುವುದಿಲ್ಲ. ಶುಂಠಿಯಲ್ಲಿ ಸೋತವನ ಹೊಲದಲ್ಲೂ ಹತ್ತು ಜನಕ್ಕೆ ಕೂಲಿ ಸಿಕ್ಕಿರುತ್ತದೆ, ಒಂದಷ್ಟು ಗಡ್ಡೆ ಸಂತೆಗೆ ಹೋಗಿರುತ್ತದೆ. ಅದು ಕಾಯಕ, ನಷ್ಟವಾದರೂ ಕಾಯಕವೇ. ರಮ್ಮಿಯಲ್ಲಿ ಗೆದ್ದವನ ಹಣವೂ ಇನ್ನೊಬ್ಬನ ಜೇಬಿನಿಂದ ಬಂದದ್ದು. ಹೊಸದಾಗಿ ಒಂದು ಕಾಳೂ ಹುಟ್ಟಲಿಲ್ಲ.

ನಾನು ನಾಲೆಯ ಕೆಲಸದಲ್ಲಿ ಸವೆದವನು, ಹಾಗಾಗಿ ಈ ಲೆಕ್ಕ ನನಗೆ ನಾಲೆಯಂತೆಯೇ ಕಾಣುತ್ತದೆ. ಲೈನಿಂಗ್ ಇಲ್ಲದ ಮಣ್ಣಿನ ನಾಲೆಯಲ್ಲಿ ಮೈಲಿಗೊಂದಿಷ್ಟು ನೀರು ಇಂಗುತ್ತದೆ. ತಲೆಭಾಗದಲ್ಲಿ ಎಷ್ಟೇ ಬಿಟ್ಟರೂ ಕೊನೆಯ ತೂಬಿನ ರೈತ ಕಾಯುತ್ತಲೇ ಇರುತ್ತಾನೆ. ನಾಲ್ಕು ಜನ ತಲಾ ನೂರು ರೂಪಾಯಿ ಇಟ್ಟು ಆಡಲು ಕೂತರು, ಆಡಿಸುವ ಕಂಪನಿ ಪ್ರತಿ ಸುತ್ತಿಗೂ ನೂರಕ್ಕೆ ಹತ್ತು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಇದ್ದದ್ದನ್ನೆಲ್ಲ ಹಾಕುತ್ತಾ ಹತ್ತು ಸುತ್ತು ಆಡಿದರೆ 400 ರೂಪಾಯಿ 139ಕ್ಕೆ ಇಳಿಯುತ್ತದೆ. ನಾಲ್ವರಲ್ಲಿ ಯಾರು ಜಾಣ, ಯಾರು ದಡ್ಡ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ‘ಇದು ಕೌಶಲದ ಆಟ’ ಎಂದು ಕೋರ್ಟುಗಳಲ್ಲಿ ವಾದ ಮಾಡಿದವರು ಈ ಸೋರಿಕೆಯ ಮಾತನ್ನು ದೊಡ್ಡದು ಮಾಡಲಿಲ್ಲ.

ಕಾನೂನಿನ ವಿಷಯ ಹೇಳುವುದಾದರೆ, ನಮ್ಮ ರಾಜ್ಯ 2007ರಲ್ಲೇ ಲಾಟರಿ ನಿಲ್ಲಿಸಿತು. ಆಗ ಮುಖ್ಯಮಂತ್ರಿಗಳು ಇದೇ ಹೊಳೆನರಸೀಪುರ ತಾಲ್ಲೂಕಿನವರಾದ ಕುಮಾರಸ್ವಾಮಿಯವರು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿದರು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಈ ಹುಡುಗ ಮುಳುಗಿದ್ದು ಆ ನಂತರದ ದಿನಗಳಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಹಣ ಕಟ್ಟಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಸ್ವಾಗತಿಸಬೇಕಾದ್ದೇ. ಆದರೆ ಊರಿನ ಬುಕ್ಕಿಗೆ ಆ್ಯಪ್ ಬೇಕಿಲ್ಲ, ಒಂದು ಫೋನ್ ಕರೆ ಸಾಕು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅಂದು ಆ ತಂದೆಗೆ ನಾನು ಕೊಟ್ಟ ಸಲಹೆ: ಹೆದ್ದಾರಿ ಪಕ್ಕದ ಸೈಟು ಮಾರಿ, ಸಾಲ ತೀರಿಸಿ, ಹೆಣ್ಣುಮಗಳ ಮದುವೆಯಾಗುವವರೆಗೆ ಯಾರಿಗೂ ಹೇಳಬೇಡಿ. ಮರ್ಯಾದೆ ಉಳಿಯಲಿ ಎಂದು. ಅವರು ಹಾಗೇ ಮಾಡಿದರು. ಆರು ತಿಂಗಳೊಳಗೆ ಹುಡುಗ ಮತ್ತೆ ಆಡಿದ್ದ, ಈ ಸಲ ಮೂರೂವರೆ ಲಕ್ಷ. ಜೂಜುಗಾರನಿಗೆ ಗುಟ್ಟಾಗಿ ತೀರಿದ ಸಾಲ ಎಂದರೆ ಮುಂದಿನ ಬಾಜಿಗೆ ಸಿಕ್ಕ ಬಂಡವಾಳ. ಇಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲ. ತಾಯಿಗೆ ಮಾತ್ರ ಮೊದಲೇ ಗೊತ್ತಿತ್ತಂತೆ, ಆಕೆಯನ್ನು ನಾವ್ಯಾರೂ ಕೇಳಿರಲೇ ಇಲ್ಲ. ಆಯ್ದಕ್ಕಿ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ವಾಪಸ್ಸು ಸುರಿದು ಬನ್ನಿ ಎಂದು ಕಳಿಸಿದವರು ಲಕ್ಕಮ್ಮನವರು ಎಂದು ವೇದಿಕೆ ಮೇಲೆ ಭಾಷಣ ಮಾಡುವ ನಾವು, ಮನೆಯ ಲೆಕ್ಕ ಹೆಣ್ಣುಮಕ್ಕಳಿಗೆ ತೋರಿಸುವುದಿಲ್ಲ.

2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ಸುತ್ತಿ ಜೋಳಿಗೆಗೆ ದುಶ್ಚಟಗಳ ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ಅನ್ನು ಸರ್ಕಾರವೇ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಬೀಡಿ ಕಟ್ಟು, ಗುಟ್ಕಾ ಚೀಟಿ ಜೋಳಿಗೆಗೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಕುಡಿದವನ ಬಾಯಿ ವಾಸನೆ ಹೇಳುತ್ತದೆ. ಜೂಜಿಗೆ ವಾಸನೆಯಿಲ್ಲ. ಫೋನನ್ನು ಜೋಳಿಗೆಗೆ ಹಾಕಿ ಎಂದರೆ ಯಾರೂ ಹಾಕುವುದಿಲ್ಲ, ಹಾಕಿದರೂ ಸಂಜೆಗೆ ಇನ್ನೊಂದು ಬರುತ್ತದೆ. ಅದಕ್ಕೆ ನನ್ನದೊಂದು ಅರಿಕೆ: ಜೋಳಿಗೆಗೆ ಸಾಲದ ಚೀಟಿ ಬೀಳಲಿ. ಯಾರಿಗೆ ಎಷ್ಟು ಎಂದು ಬರೆದು, ಪೂಜ್ಯರ ಮುಂದೆ, ಮನೆಯ ಹೆಣ್ಣುಮಕ್ಕಳ ಎದುರಿಗೆ ಓದಲಿ. ಸಾಲವನ್ನು ಆಡಿದವನೇ ದುಡಿದು ತೀರಿಸಲಿ. ಶಾಪ ಹಾಕುವುದು ಬೇಡ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಚಟಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಯುಗಾದಿ. ವರ್ಷದ ಅದೃಷ್ಟ ನೋಡುತ್ತೇವೆಂದು ಅರಳಿಕಟ್ಟೆಯಲ್ಲೂ ತೆಂಗಿನ ತೋಟದಲ್ಲೂ ಇಸ್ಪೀಟು ಹರಡುವ ಪದ್ಧತಿ ನಮ್ಮ ಕಡೆ ಇದ್ದೇ ಇದೆ. ನಮ್ಮವರೂ ಕೂರುತ್ತಾರೆ, ಪಕ್ಕದಲ್ಲಿ ಮಕ್ಕಳು ನಿಂತು ನೋಡುತ್ತಾರೆ. ಈ ಹುಡುಗ ಎಲೆ ಹಿಡಿಯಲು ಕಲಿತದ್ದೂ ಅಲ್ಲೇ, ಎಂಟನೇ ತರಗತಿಯಲ್ಲಿ, ನಾನೂ ಕೂತಿದ್ದ ಒಂದು ಪಡಿಯಲ್ಲಿ.

ಈಗ ಅವನು ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರಲ್ಲಿದ್ದಾನೆ. ಗುಂಡಿ ಒತ್ತುವ ಹಳೆಯ ಫೋನು. ಸಂಬಳ ತಾಯಿಯ ಖಾತೆಗೆ. ಇನ್ನೂ 2 ಲಕ್ಷದ 10 ಸಾವಿರ ಬಾಕಿಯಿದೆ. ಸಾಲದ ಚೀಟಿ ನನ್ನ ಹತ್ತಿರ ಇದೆ. ತಿಂಗಳ ಮೊದಲ ಭಾನುವಾರ ತಾಯಿಯ ಜೊತೆ ಬಂದು, ಕೂತು, ಬಾಕಿಯನ್ನು ತಾನೇ ತಿದ್ದಿ ಹೋಗುತ್ತಾನೆ.