ತಿದ್ದುವುದರ ಸುಖ

ನಮ್ಮ ಶಾಲೆಗಳಲ್ಲಿ ತಿದ್ದುವುದೆಂದರೆ ದಂಡ ತೆರುವುದು. ಕೆಂಪು ಶಾಯಿಯ ಗುರುತು ಬಿದ್ದ ಪದವನ್ನು ಹತ್ತು ಸಲ ಬರೆ, ಚಿತ್ತಿಲ್ಲದೆ ದುಂಡಗೆ ಬರೆ ಎಂಬ ಮಾತು ಕೇಳುತ್ತಲೇ ಮಕ್ಕಳು ಪ್ರೌಢಶಾಲೆಗೆ ಬರುತ್ತಾರೆ. ಅಂಕ ಬಿದ್ದರೆ ಪ್ರಬಂಧದ ಕಥೆ ಮುಗಿಯಿತು, ಅದನ್ನು ಮತ್ತೆ ಓದಲು ಕಾರಣವೇ ಉಳಿಯುವುದಿಲ್ಲ. ಹೀಗಿರುವಾಗ ಅವರಿಗೆ ತಿದ್ದುವ ಆಸಕ್ತಿಯಿಲ್ಲ ಎಂದು ದೂರುವುದು ನ್ಯಾಯವಲ್ಲ. ಆ ಕೆಲಸದಲ್ಲಿ ಸುಖವಿದೆ. ತಾನು ಹೇಳಹೊರಟದ್ದೇನು ಎಂಬುದು ಬರೆದವರಿಗೇ ಹೊಳೆಯುವ ಸುಖ ಅದು. ಅದನ್ನು ಕಲಿಸಲೂ ಸಾಧ್ಯ.

ಅಮೆರಿಕದ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ವಿದ್ಯಾರ್ಥಿಗಳೂ 20 ಅನುಭವಿ ಬರಹಗಾರರೂ ತಿದ್ದುವ ಬಗೆಯನ್ನು ಹೋಲಿಸಿ ನೋಡಿದರು. ವಿದ್ಯಾರ್ಥಿಗಳು ಹೆಚ್ಚಾಗಿ ಒಂದು ಪದ ತೆಗೆದು ಇನ್ನೊಂದನ್ನು ಇಟ್ಟರು. ಅನುಭವಿಗಳು ಮೊದಲು ವಾದಕ್ಕೊಂದು ಆಕಾರ ಹುಡುಕಿದರು, ಓದುವವರು ಏನು ಕೇಳಿಯಾರು ಎಂದು ಯೋಚಿಸಿದರು. ನಾವು ಕಲಿಸುತ್ತಿರುವುದು ಮೊದಲ ಬಗೆಯನ್ನು ಮಾತ್ರ. 'ನಮ್ಮೂರ ಜಾತ್ರೆ' ಕುರಿತು ಬರೆದ ಹುಡುಗಿಯೊಬ್ಬಳು ತೇರು, ಅಂಗಡಿ, ಜನಜಂಗುಳಿ ಎಲ್ಲವನ್ನೂ ಹೇಳಿ, ಕೊನೆಯಲ್ಲಿ ಬಳೆಗಾರರು ಈಗ ಬರುವುದಿಲ್ಲ ಎಂದು ಮುಗಿಸಿದ್ದಾಳೆ ಎನ್ನಿ. ಕಾಗುಣಿತದ ತಂಟೆಗೆ ಹೋಗದೆ, 'ಯಾಕೆ ಬರುವುದಿಲ್ಲ?' ಎಂದಷ್ಟೇ ಮೇಷ್ಟ್ರು ಕೇಳಲಿ. ಆ ಸಾಲು ಮೇಲಕ್ಕೆ ಬಂದು ಪ್ರಬಂಧ ಅವಳದೇ ಆಗುತ್ತದೆ. ಕಾಗುಣಿತ, ಚಿಹ್ನೆಗಳ ಸರದಿ ಆಮೇಲೆ. ಅಂಕ ಎಲ್ಲಕ್ಕೂ ಕೊನೆಗೆ.

ಹಲಗೆ ಬಳಪ ಹಿಡಿಯದಿರುವುದನ್ನೂ, ಇಟ್ಟ ಪದ ಅಳಿಸದಿರುವುದನ್ನೂ ಕುಮಾರವ್ಯಾಸ ತನ್ನ ಹೆಗ್ಗಳಿಕೆಯೆಂದು ಹೇಳಿಕೊಂಡಿದ್ದಾನಲ್ಲ ಎಂದು ಕೇಳಬಹುದು. ಅದು ಹೆಗ್ಗಳಿಕೆಯಾಗಬೇಕಾದರೆ, ಉಳಿದವರು ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದಿರಬೇಕು. ಅಪೂರ್ವ ಪ್ರತಿಭೆಯ ಮಾತನ್ನು ಮಕ್ಕಳಿಗೆ ನಿಯಮ ಮಾಡಲಾಗದು. 'ಪೂರಬಿ' ಕವನ ಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಚಿತ್ರಗಳಾಗಿ ಬೆಳೆಸಿದ ರವೀಂದ್ರನಾಥ ಠಾಕೂರರ ಪುಟಗಳನ್ನು ಮಕ್ಕಳಿಗೆ ತೋರಿಸಿದರೆ ಚಿತ್ತಿನ ಅಳುಕು ಕಡಿಮೆಯಾದೀತು.

ಅರವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಆದರೆ ನಾಲ್ಕು ಪ್ರಬಂಧ ಬರೆಸುವ ಕಡೆ ಎರಡನ್ನೇ ಎರಡೆರಡು ಸಲ ಬರೆಸಿದರೆ ಮೇಷ್ಟ್ರು ಓದಬೇಕಾದ ಹಾಳೆಗಳು ಹೆಚ್ಚುವುದಿಲ್ಲ. ಮೊದಲ ಓದು ಪಕ್ಕದಲ್ಲಿ ಕೂತವರಿಗೇ ಆಗಲಿ. ಗಟ್ಟಿಯಾಗಿ ಓದುವಾಗ ನಾಲಗೆ ತಡವರಿಸಿದಲ್ಲಿ ವಾಕ್ಯ ತೊಡಕಾಗಿದೆಯೆಂದು ಬರೆದವರಿಗೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಎರಡನೇ ಸಲ ಬರೆಯಲು ಸಮಯವಿಲ್ಲ, ನಿಜ. ಆದರೆ ಯಾವ ಮಾತು ಮುಖ್ಯ, ಎಲ್ಲಿಂದ ಶುರುಮಾಡಬೇಕು ಎಂಬ ವಿವೇಕ ತಿದ್ದಿ ತಿದ್ದಿಯೇ ಬರುವಂಥದು, ಅದು ಪರೀಕ್ಷೆಯ ಕೋಣೆಗೂ ಜೊತೆಗೆ ಬರುತ್ತದೆ. ಎರಡನೇ ಕರಡು ಮೊದಲನೆಯದಕ್ಕಿಂತ ಎಷ್ಟು ಮುಂದೆ ಬಂದಿದೆ ಎಂಬುದಕ್ಕೂ ನಾವು ಅಂಕ ಕೊಡತೊಡಗಿದರೆ, ತಿದ್ದುವುದು ದಂಡವಲ್ಲವೆಂದು ಮಕ್ಕಳು ನಂಬುತ್ತಾರೆ.