ಮಿಂಚೋ, ನಂದಾದೀಪವೋ?

ಫುಟ್‌ಬಾಲ್‌ನ ಸರ್ವಶ್ರೇಷ್ಠರ ಪಟ್ಟಿ ಮಾಡಲು ಕುಳಿತವರನ್ನೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಕೆಲವೇ ವರ್ಷ ಎಲ್ಲರನ್ನೂ ಮೀರಿ ಆಡಿದವರು ದೊಡ್ಡವರೋ, ಎರಡು ದಶಕ ಮಟ್ಟ ಕುಸಿಯದಂತೆ ಆಡಿದವರು ದೊಡ್ಡವರೋ? ಇಟಲಿಯ ಎ.ಸಿ. ಮಿಲಾನ್ ತಂಡದಲ್ಲಿ ಜೊತೆಯಾಗಿ ಆಡಿದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಉತ್ತರ ಎಷ್ಟು ಕಷ್ಟವೆಂದು ತಿಳಿಯುತ್ತದೆ.

ಮೊದಲನೆಯವರು ಹಾಲೆಂಡಿನ ಮುಂಚೂಣಿ ಆಟಗಾರ ಮಾರ್ಕೊ ವಾನ್ ಬಾಸ್ಟೆನ್. 1988ರ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು 5 ಗೋಲು ಗಳಿಸಿದರು. ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ, ತೇಲಿ ಬಂದ ಚೆಂಡು ನೆಲ ಮುಟ್ಟುವ ಮೊದಲೇ, ಗೋಲು ಸಿಗುವುದೇ ಅಸಾಧ್ಯವೆನಿಸುವ ಅಂಚಿನಿಂದ ಅವರು ಒದ್ದ ರೀತಿ ಇಂದಿಗೂ ಮಾತಾಗಿದೆ. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿ'ಓರ್ ಪ್ರಶಸ್ತಿ 1988, 1989 ಮತ್ತು 1992ರಲ್ಲಿ ಅವರ ಪಾಲಾಯಿತು. ಆದರೆ ಪಾದದ ಕೀಲು ಕೈಕೊಟ್ಟಿತು. 1993ರ ಚಾಂಪಿಯನ್ಸ್ ಲೀಗ್ ಫೈನಲ್ಲೇ ಅವರ ಕೊನೆಯ ಸ್ಪರ್ಧಾತ್ಮಕ ಪಂದ್ಯ. ಆಗ ವಯಸ್ಸು 28.

ಎರಡನೆಯವರು ರಕ್ಷಣಾ ಆಟಗಾರ ಪಾವೊಲೊ ಮಾಲ್ಡಿನಿ. 1985ರಲ್ಲಿ, 16ನೇ ವಯಸ್ಸಿನಲ್ಲಿ ಮಿಲಾನ್ ಪರ ಕಣಕ್ಕಿಳಿದವರು ನಿವೃತ್ತರಾದದ್ದು 2009ರಲ್ಲಿ. ಆಡಿದ್ದು ಒಂದೇ ಕ್ಲಬ್‌ಗೆ, 902 ಪಂದ್ಯ. ಗೆದ್ದ ಐದು ಯೂರೋಪಿಯನ್ ಕಪ್‌ಗಳಲ್ಲಿ ಮೊದಲನೆಯದು 1989ರದು, ಕೊನೆಯದು 2007ರದು. ವಯಸ್ಸಾದಂತೆ ಎಡ ಅಂಚನ್ನು ಬಿಟ್ಟು ರಕ್ಷಣಾ ಸಾಲಿನ ನಡುವಿಗೆ ಬಂದರು. ಓಟ ಕಡಿಮೆಯಾದಲ್ಲಿ ಅಂದಾಜು ಕೈಹಿಡಿಯಿತು. ಅವರಿಗೆ ಬ್ಯಾಲನ್ ಡಿ'ಓರ್ ಎಂದೂ ದಕ್ಕಲಿಲ್ಲ. 1994ರಲ್ಲಿ ಮೂರನೇ ಸ್ಥಾನ, ಒಂಬತ್ತು ವರ್ಷಗಳ ನಂತರ 2003ರಲ್ಲಿ ಮತ್ತೆ ಮೂರನೇ ಸ್ಥಾನ!

ಇಲ್ಲಿ ಎಡವಟ್ಟಿರುವುದು ತಕ್ಕಡಿಯಲ್ಲಿ. ವರ್ಷದ ಪ್ರಶಸ್ತಿ ತೂಗುವುದು ಆ ಒಂದು ವರ್ಷವನ್ನು. ಅದು ವಾನ್ ಬಾಸ್ಟೆನ್ ಕಡೆ ವಾಲುತ್ತದೆ. ಪಂದ್ಯಗಳ ಲೆಕ್ಕ ಮಾಲ್ಡಿನಿ ಕಡೆ ವಾಲುತ್ತದೆ. ಹೊಡೆದ ಗೋಲು ಎಲ್ಲರ ಕಣ್ಣಿಗೂ ಬೀಳುತ್ತದೆ, ತಡೆದ ಗೋಲು ಯಾವ ಅಂಕಪಟ್ಟಿಯಲ್ಲೂ ಸೇರುವುದಿಲ್ಲ.

ಹಾಗೆಂದು ಬಹುಕಾಲ ಆಡಿದ್ದೇ ಹಿರಿಮೆಯಲ್ಲ. ಸಾಧಾರಣ ಆಟವನ್ನು ಇಪ್ಪತ್ತು ವರ್ಷ ಆಡಿದರೂ ಅದು ಸಾಧಾರಣವೇ. ಅಲ್ಪಕಾಲದ ಆಟವೂ ಸೋಮಾರಿತನದ ಗುರುತಲ್ಲ. ಹಿಂದಿನಿಂದ ನುಗ್ಗಿ ಕಾಲಿಗೆ ಹೊಡೆಯುವ ಅಪಾಯಕಾರಿ ಆಟಕ್ಕೆ ಫಿಫಾ ಕಟ್ಟುನಿಟ್ಟಾಗಿ ಕೆಂಪು ಕಾರ್ಡ್ ವಿಧಿಸಿದ್ದು 1998ರಲ್ಲಿ. ಅಷ್ಟರಲ್ಲಿ ವಾನ್ ಬಾಸ್ಟೆನ್ ಆಟ ಮುಗಿದೇ ಹೋಗಿತ್ತು.

ಆದ್ದರಿಂದ ಮೊದಲು ಎತ್ತರ ನೋಡಬೇಕು, ಎತ್ತರ ಸರಿಸಮವಾದಲ್ಲಿ ಮಾತ್ರ ವರ್ಷ ಎಣಿಸಬೇಕು. ಒಂದೇ ಒಂದು ಫೈನಲ್ ಗೆಲ್ಲಬೇಕಿದ್ದರೆ ವಾನ್ ಬಾಸ್ಟೆನ್ ಬೇಕು. ಹದಿನೈದು ವರ್ಷಕ್ಕೆ ತಂಡ ಕಟ್ಟಬೇಕಿದ್ದರೆ ಮಾಲ್ಡಿನಿ ಬೇಕು. ‘ಯಾರು ಶ್ರೇಷ್ಠ?’ ಎನ್ನುವ ಮೊದಲು ‘ಯಾವುದಕ್ಕೆ?’ ಎಂದು ಕೇಳುವುದು ಲೇಸು. ಮನೆಯಲ್ಲಿ ಒಂದು ಪರೀಕ್ಷೆಯ ರ‍್ಯಾಂಕನ್ನೂ ಹತ್ತು ವರ್ಷದ ಓದನ್ನೂ ಒಂದೇ ತಕ್ಕಡಿಗೆ ಹಾಕುವಾಗಲೂ ಈ ಪ್ರಶ್ನೆ ನೆನಪಿಗೆ ಬಂದರೆ, ಮಕ್ಕಳಿಗೂ ಹೆತ್ತವರಿಗೂ ಒಳ್ಳೆಯದು.